ದೂರೆಲ್ಲ ಮಂಜಿನ ಮೇಲೆ

ಕಾಸರಗೋಡಿನಲ್ಲಿ ಚಳಿಗಾಲ ಉಂಟಾ ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. ಉಂಟು. ಬೆಳಗ್ಗೆ ಐದರಿಂದ ಎಂಟರವರೆಗೆ ಉಂಟು. ಡಿಸೆಂಬರ್, ಜನವರಿಯಲ್ಲಿ ಆ ಹೊತ್ತಿಗೆ 20 ಡಿಗ್ರಿ ಆಸುಪಾಸಿಗೆ ಇಳಿದರೆ ಸಾಕು, ಬೈರಾಸು ತಲೆಗೆ ಸುತ್ತಿಕೊಂಡೇ ಜನ ತೋಟಕ್ಕೆ ಇಳಿಯುತ್ತಾರೆ. ಮಧ್ಯಾಹ್ನ 32-33 ಡಿಗ್ರಿ ಬಿಸಿಲಿನಲ್ಲಿ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಅದೇ ಬೈರಾಸಿನಲ್ಲಿ ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ಇಷ್ಟು ಸಣ್ಣ ಚಳಿಗಾಲಕ್ಕೆ ನಾವು ಇಟ್ಟುಕೊಂಡ ಕಟ್ಟುಕಟ್ಟಳೆ ಮಾತ್ರ ಕಾಶ್ಮೀರದವರಿಗೂ ಇರಲಿಕ್ಕಿಲ್ಲ.

ಸಂಜೆ ಮೇಲೆ ತಲೆಗೆ ಮೀಯಬಾರದು. ಮಿಂದರೆ ಕೂದಲು ಒಣಗದೆ ಜಗಲಿ ಇಳಿಯಬಾರದು. ರಾತ್ರಿ ಮೊಸರು ಬೇಡ, ಮಜ್ಜಿಗೆ ಆದೀತು. ಬಾಳೆಹಣ್ಣಿನಲ್ಲಿ ಕದಳಿ ಆದೀತು, ಮೈಸೂರು ಆಗದು. ಯಾಕೆ ಆಗದು ಎಂದು ಕೇಳಬಾರದು. ನೆರೆಯ ಮಲಯಾಳಿ ಮನೆಯಲ್ಲಿ ಮಕ್ಕಳು ಮಿಂದು ಬಂದ ಕೂಡಲೇ ನೆತ್ತಿಗೆ ಒಂದು ಚಿಟಿಕೆ ರಾಸ್ನಾದಿ ಪುಡಿ ತಿಕ್ಕುತ್ತಾರೆ. ಆ ಡಬ್ಬಿ ಯಾವಾಗಲೋ ಬೇಲಿ ದಾಟಿ ನಮ್ಮ ಮನೆಗಳಿಗೂ ಬಂದಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಈ ಗಡಿನಾಡಿನಲ್ಲಿ ಭಾಷೆಯ ಬಗ್ಗೆ ಚರ್ಚೆ ನಡೆಯುತ್ತಲೇ ಇದೆ. ನೆತ್ತಿ ತಣ್ಣಗಾದರೆ ಶೀತ ಆಗುತ್ತದೆ ಎಂಬ ವಿಚಾರದಲ್ಲಿ ಮಾತ್ರ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಟಿ ಎಲ್ಲರೂ ಒಂದೇ ಪಕ್ಷ.

ಎಲ್ಲಕ್ಕಿಂತ ದೊಡ್ಡ ಅಪರಾಧಿ ಮಂಜು. ಜನವರಿಯಲ್ಲಿ ಕುಂಬಳೆ ಜಾತ್ರೆಯ ಬೆಡಿಗೆ, ಅಂದರೆ ಸುಡುಮದ್ದು ನೋಡಲು, ಹೋಗಿ ಬಂದವರಿಗೆ ಮೂಗು ಸೋರಲು ಶುರುವಾದರೆ, ರಾತ್ರಿ ಬಯಲಲ್ಲಿ ಮಂಜು ಬಿತ್ತು ಎನ್ನುತ್ತಾರೆ. ಯಕ್ಷಗಾನ ಆಟ ನೋಡಿ ಬಂದವರಿಗೂ ಅದೇ ಕಾರಣ. ಈಗ ಎಷ್ಟೋ ಮೇಳಗಳು ನಡುರಾತ್ರಿಗೇ ಮಂಗಳ ಹಾಡುತ್ತವೆ, ಬೆಳಗಿನ ಜಾವದ ಮಂಜಿಗೆ ಸಿಗುವವರೇ ಕಡಿಮೆ. ಆದರೂ ದೂರು ಅದರ ಮೇಲೆಯೇ. ಸಾವಿರಾರು ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು, ಪಕ್ಕದವರು ಎರಡು ಗಂಟೆ ಕೆಮ್ಮುತ್ತಲೇ ಇದ್ದರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ನನಗೆ ಕುತೂಹಲ ಇರುವುದು ಇಲ್ಲಿಯೇ. ನಮ್ಮ ಶೀತದ ಕಾರಣಗಳಲ್ಲಿ ಮೊಸರು ಇದೆ, ಮಂಜು ಇದೆ, ಫ್ಯಾನು ಇದೆ, ಬಾವಿ ನೀರು ಬದಲಾದದ್ದು ಇದೆ. ಮನುಷ್ಯ ಇಲ್ಲ. 'ನಿಮ್ಮಿಂದ ನನಗೆ ಶೀತ ಬಂತು' ಎಂದು ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವುದು ಹೇಗೆ ಮಾರಾಯ್ರೆ? ನೆಂಟರು ಅಲ್ವಾ! ಮೊಸರಿಗಾದರೆ ಬೇಸರ ಆಗುವುದಿಲ್ಲ. ಇದು ವೈದ್ಯಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯದ ಶಾಸ್ತ್ರ ಎಂದು ನನ್ನ ಗುಮಾನಿ.

ಇಂಗ್ಲೆಂಡಿನವರಿಗೆ ಈ ದಾಕ್ಷಿಣ್ಯ ಇರಲಿಲ್ಲ. ಸಾಲ್ಸ್‌ಬರಿ ಎಂಬಲ್ಲಿ 1946ರಲ್ಲಿ ಶೀತವೊಂದನ್ನೇ ಕಲಿಯಲಿಕ್ಕೆಂದು ಒಂದು ಕೇಂದ್ರ ತೆರೆದರು. ಬಂದವರಿಗೆ ಊಟ, ವಸತಿ ಪುಕ್ಕಟೆ. ಬದಲಿಗೆ ಮೂಗಿಗೆ ಶೀತದ ವೈರಸ್ ಬಿಡಿಸಿಕೊಳ್ಳಬೇಕು. ಅದನ್ನೇ ರಜೆ ಎಂದುಕೊಂಡು ಹೋಗುತ್ತಿದ್ದವರೂ ಇದ್ದರಂತೆ. ಅಲ್ಲಿ ಕೆಲವರನ್ನು ಬಿಸಿನೀರಲ್ಲಿ ಮೀಯಿಸಿ, ಮೈ ಒರೆಸಲು ಬಿಡದೆ, ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿದರು. ಒದ್ದೆ ಕಾಲುಚೀಲವನ್ನೂ ಹಾಕಿಸಿದರು. ನಮ್ಮ ಅಜ್ಜಿಯರು ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಬರೀ ಚಳಿ ಹಿಡಿಸಿಕೊಂಡವರಿಗೆ ಶೀತ ಬರಲಿಲ್ಲ. ವೈರಸ್ ಬೇಕೇ ಬೇಕು.

ಅಜ್ಜಿಯರ ಪರವಾಗಿಯೂ ಒಂದು ಸಾಕ್ಷಿ ಇದೆ. 2005ರಲ್ಲಿ ಕಾರ್ಡಿಫ್‌ನಲ್ಲಿ 180 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಕಾಲನ್ನು 20 ನಿಮಿಷ ತಣ್ಣೀರಲ್ಲಿ ಇಡಿಸಿದರು. ನಾಲ್ಕೈದು ದಿನಗಳಲ್ಲಿ ಅವರಲ್ಲಿ ನೂರಕ್ಕೆ 29 ಮಂದಿಗೆ ಶೀತದ ಲಕ್ಷಣ ಕಂಡಿತು. ಇನ್ನೊಂದು ಗುಂಪಿನಲ್ಲಿ ನೂರಕ್ಕೆ 9. ಕಾಲು ತಣ್ಣಗಾದಾಗ ಮೂಗಿನೊಳಗಿನ ರಕ್ತನಾಳಗಳು ಕುಗ್ಗುತ್ತವೆ, ಮೊದಲೇ ಸದ್ದಿಲ್ಲದೆ ಕೂತಿದ್ದ ವೈರಸ್ಸಿಗೆ ಅನುಕೂಲ ಆಗುತ್ತದೆ ಎಂಬುದು ಅವರ ಊಹೆ. ಅಂದರೆ ತಣ್ಣೀರಿಗೆ ಸ್ವಲ್ಪ ಪಾಲು ಇರಬಹುದು. ಆದರೆ ವೈರಸ್ಸನ್ನು ಅಲ್ಲಿ ತಂದು ಕೂರಿಸಿದವರು ಯಾರೋ ನಮ್ಮವರೇ.

ನಮ್ಮ ಕಡೆಯ ಬೆಳಗಿನ ಬಸ್ಸುಗಳನ್ನು ನೋಡಬೇಕು. ಕೇರಳದ ಬಸ್ಸಿನ ಕಿಟಕಿಗೆ ಗಾಜಿಗಿಂತ ಷಟರ್ ಜಾಸ್ತಿ. ಮುಳ್ಳೇರಿಯದಿಂದಲೋ ಪೆರ್ಲದಿಂದಲೋ ಹೊರಟ ಮೊದಲ ಬಸ್ಸಿನಲ್ಲಿ ಅಷ್ಟೂ ಷಟರ್ ಇಳಿಸಿರುತ್ತಾರೆ. ಒಳಗೆ ಶಾಲೆಯ ಮಕ್ಕಳು, ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳು, ಅವರ ಜೊತೆಯವರು. ಒಬ್ಬರು ಷಟರ್ ಒಂದು ಗೇಣು ಎತ್ತಿದರೆ ಹಿಂದಿನ ಸೀಟಿನಿಂದ ಕೂಗು ಬರುತ್ತದೆ, 'ಗಾಳಿ ಹೊಡೀತದೆ, ಇಳಿಸಿ!' ಹೊರಗಿನ ಶುದ್ಧ ಗಾಳಿಗೆ ಹೆದರಿ ಐವತ್ತು ಜನರ ಉಸಿರನ್ನು ಒಂದು ಗಂಟೆ ಹಂಚಿಕೊಂಡು ಬರುತ್ತೇವೆ. ಕೆಮ್ಮಿನಿಂದ, ಸೀನಿನಿಂದ ಹೊರಟ ಸಣ್ಣ ಹನಿಗಳು ಮುಚ್ಚಿದ ಜಾಗದಲ್ಲಿ ಸುಲಭಕ್ಕೆ ಚದರಿ ಹೋಗುವುದಿಲ್ಲ. ಶೀತ ತಡೆಯಲು ಒಂದೇ ಒಂದು ಕೆಲಸ ಹೇಳು ಎಂದರೆ ನಾನು ಷಟರ್ ಎತ್ತಿ ಎಂದೇ ಹೇಳುತ್ತೇನೆ. ಹೇಳುವುದು ಸುಲಭ. ಹಿಂದಿನ ಸೀಟಿನವರ ಎದುರು ಎತ್ತುವುದು ಬೇರೆ ಮಾತು.

ಹಳೆಯ ಮನೆಗಳಲ್ಲಿ ಈ ತೊಂದರೆ ಕಡಿಮೆ ಇತ್ತು. ಬಂದವರನ್ನು ಕೂರಿಸುವುದು ಜಗಲಿಯಲ್ಲಿ. ಎದುರು ಅಂಗಳ, ಎರಡೂ ಬದಿಯಿಂದ ಗಾಳಿ. ಕೈಕಾಲಿಗೆ ನೀರು ಕೊಟ್ಟ ಮೇಲೆಯೇ 'ಆಸರಿಗೆ ಎಂತ ಬೇಕು?' ಎಂದು, ಅಂದರೆ ಕುಡಿಯಲು ಏನು ಬೇಕೆಂದು, ಕೇಳುವುದು. ಈಗಿನ ಮನೆಯಲ್ಲಿ ಸೋಫಾ ಒಳಗೆ, ಕಿಟಕಿಗೆ ಗಾಜು, ಗಾಜಿಗೆ ಪರದೆ. ಕೈಕಾಲಿನ ನೀರು ಹೋಯಿತು, ಆಸರು ಮಾತ್ರ ಉಳಿಯಿತು. ಶೀತ ಆದವರು ಮೂಗು ಒರೆಸಿದ ಕೈಯಲ್ಲೇ ಲೋಟ ಹಿಡಿಯುತ್ತಾರೆ, ನಾವು ಆ ಲೋಟ ತೆಗೆದ ಕೈಯಲ್ಲೇ ನಮ್ಮ ಕಣ್ಣುಜ್ಜಿಕೊಳ್ಳುತ್ತೇವೆ. ಸೋಪು ಹಾಕಿ 20 ಸೆಕೆಂಡು ಕೈ ತೊಳೆಯಬೇಕು ಎಂದು 2020ರಲ್ಲಿ ಊರಿಡೀ ಬಾಯಿಪಾಠ ಮಾಡಿತ್ತು. ಅಂಗಡಿ, ಬಸ್ ಸ್ಟ್ಯಾಂಡುಗಳ ಎದುರು ನಳ್ಳಿ ಹಾಕಿದ್ದರು. ಕೆಲವು ಕಡೆ ಆ ನಳ್ಳಿ ಈಗಲೂ ಇದೆ. ನೀರಿಲ್ಲ.

ಫ್ಲೂ ಬೇರೆಯೇ ಗಿರಾಕಿ. ಶೀತ ಮೆಲ್ಲಗೆ ಬರುತ್ತದೆ, ಇದು ಒಂದೇ ಸಲಕ್ಕೆ ಜ್ವರ, ಮೈಕೈ ನೋವು ಎಂದು ಮಲಗಿಸುತ್ತದೆ. ಅದೂ ನಮ್ಮ ಕಡೆ ಚಳಿಗಿಂತ ಮಳೆಗಾಲದಲ್ಲೇ ಜಾಸ್ತಿ. ಆದ್ದರಿಂದ ಇಲ್ಲಿ ಲಸಿಕೆ ಹಾಕಿಸುವುದಿದ್ದರೆ ಮಳೆ ಹಿಡಿಯುವ ಮೊದಲೇ ಆಗಬೇಕು. ವಯಸ್ಸಾದವರು, ಬಸುರಿಯರು, ಸಕ್ಕರೆ ಕಾಯಿಲೆ, ಉಬ್ಬಸ ಇದ್ದವರು ಡಾಕ್ಟರರ ಹತ್ತಿರ ಕೇಳಿಕೊಳ್ಳುವುದು ಒಳ್ಳೆಯದು. ಕಳೆದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದು. ಒಂದೇ ರಾತ್ರಿಯಲ್ಲಿ ಎರಡು ಮೂರು ವೇಷ ಬದಲಿಸುವ ಕಲಾವಿದರ ಹಾಗೆ ಈ ವೈರಸ್ಸು ಬಣ್ಣ ಬದಲಿಸಿಕೊಂಡು ಬರುತ್ತದೆ. ಶೀತಕ್ಕೋ ಲಸಿಕೆಯೇ ಇಲ್ಲ. ಅದನ್ನು ತರುವ ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆ ಇವೆ. ಯಾವುದಕ್ಕೆ ಅಂತ ಮಾಡುವುದು?

ಇನ್ನು ಕಷಾಯ. ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು (ಕಾಳುಮೆಣಸು), ಶುಂಠಿ, ಬೆಲ್ಲ. ಅದು ಶೀತ ತಡೆಯುತ್ತದೆ ಎಂದು ನಾನು ಹೇಳಲಾರೆ. ಗಂಟಲಿಗೆ ಹಿತ, ನೀರು ಹೊಟ್ಟೆಗೆ ಸೇರುತ್ತದೆ, ಮೂಗು ಸ್ವಲ್ಪ ಬಿಡುತ್ತದೆ. ಅಷ್ಟು ಸಾಕು, ಬೇರೆ ಲಾಭ ಕೇಳಬಾರದು. ಸಾಂಬ್ರಾಣಿ (ದೊಡ್ಡಪತ್ರೆ) ಸೊಪ್ಪಿನ ತಂಬುಳಿಯೂ ಹಾಗೆಯೇ, ಶೀತ ಇಲ್ಲದಿದ್ದರೂ ಉಣ್ಣಬಹುದು. ಮೂಗು ಸೋರಿದ ಕೂಡಲೇ ಔಷಧಿ ಅಂಗಡಿಗೆ ಹೋಗಿ ಹಳೆ ಚೀಟಿ ತೋರಿಸಿ ಆಂಟಿಬಯೋಟಿಕ್ ಕೇಳುವವರಿಗಿಂತ ಕಷಾಯದವರು ಎಷ್ಟೋ ಮೇಲು. ಆ ಮಾತ್ರೆ ವೈರಸ್ಸಿಗೆ ಏನೂ ಮಾಡುವುದಿಲ್ಲ.

ಹೋದ ಧನುರ್ಮಾಸದಲ್ಲಿ ಮಂಗಳೂರಿನಿಂದ ಒಬ್ಬ ಬಾವ ಫೋನು ಮಾಡಿದ್ದರು. ನಾಳೆ ಬರುವುದೆಂದು ಇತ್ತು, ಆದರೆ ಒಳ್ಳೆ ಶೀತ, ಮತ್ತೊಮ್ಮೆ ಬರಲಾ ಎಂದರು. ಎಷ್ಟು ತಿಳುವಳಿಕೆಯ ಮಾತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅತ್ತೆ ಫೋನು ಕಸಿದುಕೊಂಡರು. 'ಅದೆಂತದು, ಶೀತ ಆದರೆ ಮನುಷ್ಯರು ನೆಂಟರ ಮನೆಗೆ ಹೋಗ್ಲಿಕ್ಕಿಲ್ವಾ? ಬನ್ನಿ ನೀವು, ಕಷಾಯ ಮಾಡಿ ಇಡ್ತೇನೆ.' ಬಾವ ಬಂದರು. ಕೈಯಲ್ಲಿ ಮಕ್ಕಳಿಗೆಂದು ದೊಡ್ಡ ಐಸ್‌ಕ್ರೀಂ ಡಬ್ಬಿ. ಅತ್ತೆಯ ಪಕ್ಕವೇ ಕೂತು, ನಡುನಡುವೆ ಸೀನುತ್ತಾ, ಊರ ಸುದ್ದಿ ಎಲ್ಲ ಮಾತಾಡಿ ಸಂಜೆ ಹೊರಟರು.

ಮೂರನೇ ದಿನ ಅತ್ತೆಗೆ ಶೀತ. ನಾನು ಏನೂ ಹೇಳದೆ ಅವರ ಮುಖ ನೋಡಿದೆ.

'ಆ ಐಸ್‌ಕ್ರೀಂ ತಿನ್ನಬಾರದಿತ್ತು' ಎಂದರು.