ಒಂಬತ್ತನೇ ಡಾನ್

ನಮ್ಮ ಬೀದಿಯ ತಿರುವಿನಲ್ಲಿ ಹೋದ ವಾರ ಒಂದು ಫ್ಲೆಕ್ಸ್ ಎದ್ದಿತು. ನಗರದಲ್ಲಿ ಫ್ಲೆಕ್ಸ್ ನಿಷೇಧ ಅಲ್ಲವೇ ಎಂದು ನೀವು ಕೇಳುವ ಮುಂಚೆ ಹೇಳಿಬಿಡುತ್ತೇನೆ, ನಿಷೇಧ ಇರುವುದು ನಮ್ಮಂಥವರಿಗೆ. ಎಡಕ್ಕೆ ಶಾಸಕರು. ಬಲಕ್ಕೆ, 2020ರಲ್ಲೇ ಅವಧಿ ಮುಗಿದರೂ ಫ್ಲೆಕ್ಸಿನಿಂದ ಮಾತ್ರ ಇಳಿಯದ ಮಾಜಿ ಕಾರ್ಪೊರೇಟರು. ಮೇಲೆ ಸಾಲಾಗಿ ಪಕ್ಷದ ಹಿರಿಯರ ಪಾಸ್‌ಪೋರ್ಟ್ ಸೈಜಿನ ತಲೆಗಳು. ಇವರೆಲ್ಲ ಬಿಟ್ಟ ಜಾಗದಲ್ಲಿ, ಬಿಳಿ ಅಂಗಿ ತೊಟ್ಟು ಒಂದು ಕಾಲೆತ್ತಿ ನಿಂತ ಒಂಬತ್ತು ವರ್ಷದ ಹುಡುಗಿ. ‘ಟೇಕ್ವಾಂಡೊದಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದ ನಮ್ಮ ಬಡಾವಣೆಯ ಹೆಮ್ಮೆಯ ಪುತ್ರಿಗೆ ಹಾರ್ದಿಕ ಅಭಿನಂದನೆಗಳು.’ ಹುಡುಗಿ ಎತ್ತಿದ ಕಾಲು ನೆಟ್ಟಗೆ ಹೋಗಿ ಮಾಜಿ ಕಾರ್ಪೊರೇಟರ ಗಲ್ಲಕ್ಕೆ ತಾಗುವಂತೆ ಡಿಸೈನ್ ಮಾಡಿದ ಆ ಅಜ್ಞಾತ ಕಲಾವಿದನಿಗೆ ನನ್ನ ಕಡೆಯಿಂದ ಒಂದು ಡಾನ್.

ಡಾನ್ ಎಂದೆನೆಂದು ಬೆಚ್ಚಬೇಡಿ. ಬೆಂಗಳೂರಿನಲ್ಲಿ ಡಾನ್ ಎಂದರೆ ಜಾಮೀನು ಸಿಕ್ಕ ದಿನ ಪಟಾಕಿ ಹೊಡೆಸಿಕೊಂಡು ಬರುವವನು. ಟೇಕ್ವಾಂಡೊ ಎಂಬ ಒದೆತದ ಕಲೆ ಹುಟ್ಟಿದ ಕೊರಿಯಾದಲ್ಲಿ ಅದು ಕರಿ ಬೆಲ್ಟ್ ಕಟ್ಟಿದ ಮೇಲೆ ಹತ್ತಬೇಕಾದ ಮೆಟ್ಟಿಲು, ಒಂದರಿಂದ ಒಂಬತ್ತರವರೆಗೆ. ಹತ್ತುವ ಲೆಕ್ಕವೂ ಕಟ್ಟುನಿಟ್ಟು. ಒಂದರಿಂದ ಎರಡಕ್ಕೆ 1 ವರ್ಷ ಕಾಯಬೇಕು, ಎರಡರಿಂದ ಮೂರಕ್ಕೆ 2, ಮೂರರಿಂದ ನಾಲ್ಕಕ್ಕೆ 3. ಹೀಗೇ ಉದ್ದವಾಗುತ್ತ ಹೋಗಿ ಎಂಟರಿಂದ ಒಂಬತ್ತಕ್ಕೆ 9 ವರ್ಷ. ಕೂಡಿಸಿದರೆ ಮೂವತ್ತೈದು ದಾಟುತ್ತದೆ. ಒಂಬತ್ತನೇ ಡಾನ್ ಪರೀಕ್ಷೆಗೆ ನಿಲ್ಲುವ ಹೊತ್ತಿಗೆ ಮನುಷ್ಯನಿಗೆ ಐವತ್ತು ಕಳೆದಿರುತ್ತದೆ, ಮಂಡಿ ಸವೆದಿರುತ್ತದೆ, ಮನೆಯವರು ಇವನ ಆಸೆ ಬಿಟ್ಟಿರುತ್ತಾರೆ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ. ಫ್ಲೋರಿಡಾದ ಕಡಲ ದಂಡೆಯಲ್ಲಿ ಒಂದು ಬಂಗಲೆ ಇದ್ದರೆ ಸಾಕು.

ಆ ಫೋಟೊ ನೀವೂ ನೋಡಿದ್ದೀರಿ. 2021ರ ನವೆಂಬರ್‌ನಲ್ಲಿ ಕುಕ್ಕಿವಾನ್ ಮುಖ್ಯಸ್ಥರು ಸೋಲ್‌ನಿಂದ ಹೊರಟು ಮಾರ್-ಎ-ಲಾಗೊ ಎಂಬ ಆ ಬಂಗಲೆಯವರೆಗೆ ಹೋಗಿ ಡೊನಾಲ್ಡ್ ಟ್ರಂಪ್ ಅವರಿಗೆ ಗೌರವ ಒಂಬತ್ತನೇ ಡಾನ್ ಕೊಟ್ಟುಬಂದರು. ಕುಕ್ಕಿವಾನ್ ಎಂದರೆ ಸಾಮಾನ್ಯ ಗರಡಿಯಲ್ಲ. 1972ರಲ್ಲಿ ಸೋಲ್‌ನ ಗಂಗ್ನಮ್‌ನಲ್ಲಿ ಕಟ್ಟಿದ ಟೇಕ್ವಾಂಡೊದ ಮೂಲಮಠ. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಕರಿ ಬೆಲ್ಟ್ ಕಟ್ಟಿಕೊಂಡರೂ ಪ್ರಮಾಣಪತ್ರ ಅಲ್ಲಿಂದ ಬಂದರೆ ಅದಕ್ಕೊಂದು ತೂಕ. ಅಂಥ ಮಠದ ಸ್ವಾಮಿಗಳೇ ಶಿಷ್ಯನ ಮನೆಗೆ ಪಾದ ಬೆಳೆಸಿದರು. ಶಿಷ್ಯ ಡೊಬೋಕ್ ಎಂಬ ಬಿಳಿ ಸಮವಸ್ತ್ರ ತೊಟ್ಟು, ಕರಿ ಬೆಲ್ಟ್ ಬಿಗಿದು, ಫೋಟೊಕ್ಕೆ ನಿಂತರು. ಮತ್ತೆ ಅಧಿಕಾರಕ್ಕೆ ಬಂದರೆ ಇದನ್ನೇ ತೊಟ್ಟುಕೊಂಡು ಸಂಸತ್ತಿಗೆ ಹೋಗುತ್ತೇನೆ ಎಂದರಂತೆ. ಬಂದರು. ಡೊಬೋಕ್ ಮಾತ್ರ ಇನ್ನೂ ಇಸ್ತ್ರಿಯವನ ಹತ್ತಿರವೇ ಇದ್ದಂತಿದೆ.

ಮೂವತ್ತೈದು ವರ್ಷದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದ ಈ ವೇಗವನ್ನು ಮೆಚ್ಚಲೇಬೇಕು. ಇದಕ್ಕೆ ದಾರಿ ತೋರಿಸಿದವರೂ ಇದ್ದಾರೆ. 2013ರಲ್ಲಿ ಸೋಲ್‌ಗೆ ಬಂದಿದ್ದ ವ್ಲಾದಿಮಿರ್ ಪುಟಿನ್ ಅವರಿಗೆ ವಿಶ್ವ ಟೇಕ್ವಾಂಡೊ ಒಕ್ಕೂಟವೂ ಇದೇ ಒಂಬತ್ತನೇ ಡಾನ್ ಕೊಟ್ಟಿತ್ತು. ಪುಟಿನ್ ಜುಡೊ ಆಡುವವರು, ಟೇಕ್ವಾಂಡೊಗೂ ಅವರಿಗೂ ಸ್ನಾನಸಂಬಂಧವಿಲ್ಲ. ಆದರೂ ಆ ಒಂದು ದಿನದಲ್ಲಿ ಅವರು, ಜೀವಮಾನವೆಲ್ಲ ಒದ್ದು ಒದ್ದು ಎಂಟನೇ ಡಾನ್ ಸಂಪಾದಿಸಿದ್ದ ಹಾಲಿವುಡ್ ನಟ ಚಕ್ ನಾರಿಸ್ ಅವರಿಗಿಂತ ಒಂದು ಮೆಟ್ಟಿಲು ಮೇಲೆ ಹೋದರು. 2022ರ ಫೆಬ್ರವರಿ 24ಕ್ಕೆ ಯುದ್ಧ ಶುರುವಾಯಿತು. 28ಕ್ಕೆ ಒಕ್ಕೂಟ ‘ವಿಜಯಕ್ಕಿಂತ ಶಾಂತಿ ಅಮೂಲ್ಯ’ ಎಂಬ ತನ್ನ ಧ್ಯೇಯವಾಕ್ಯವನ್ನು ನೆನಪಿಸಿಕೊಂಡು ಬೆಲ್ಟ್ ವಾಪಸ್ ಪಡೆಯಿತು. ಕೀವ್ ಕಡೆ ಹೊರಟಿದ್ದ ಟ್ಯಾಂಕುಗಳು, ಯಜಮಾನರ ಬೆಲ್ಟ್ ಬಿಚ್ಚಿದರಂತೆ, ಇನ್ನು ಪ್ಯಾಂಟೂ ಜಾರೀತು ಎಂದು ಹಿಂದಿರುಗಲಿಲ್ಲ.

ನನ್ನ ತಲೆಕೊರೆತ ಬೇರೆಯದು. ಕೊಡುವಾಗ ಅದು ಬರೀ ಗೌರವ, ನಿಜವಾದ ಡಾನ್ ಅಲ್ಲ, ತಲೆ ಕೆಡಿಸಿಕೊಳ್ಳಬೇಡಿ ಎನ್ನುತ್ತಾರೆ. ಕಿತ್ತುಕೊಳ್ಳುವಾಗ ಅದೇ ದೊಡ್ಡ ಶಿಕ್ಷೆ. ಬರೀ ಗೌರವವಾಗಿದ್ದರೆ ಕಿತ್ತುಕೊಂಡಿದ್ದೇನು ಸ್ವಾಮಿ?

ಕನ್ನಡಿಗರಿಗೆ ಇದು ಹೊಸದೇನಲ್ಲ. ಡಾ.ಗೂ ಡಾನ್‌ಗೂ ಇರುವುದು ಅರ್ಧ ಅಕ್ಷರದ ಅಂತರ. ನಮ್ಮ ದೂರದ ಬಂಧುವೊಬ್ಬರಿಗೆ ಒಂದು ಭಾನುವಾರ ಗೌರವ ಡಾಕ್ಟರೇಟ್ ಬಂತು. ಕೊಟ್ಟ ವಿಶ್ವವಿದ್ಯಾಲಯ ಯಾವ ದೇಶದ್ದು ಎಂದು ಅವರಿಗೂ ಸರಿಯಾಗಿ ಗೊತ್ತಿಲ್ಲ. ಸಮಾರಂಭ ಹೋಟೆಲೊಂದರ ಪಾರ್ಟಿ ಹಾಲಿನಲ್ಲಿ. ಗೌನು, ಟೋಪಿ, ಶಾಲು, ಮೈಸೂರು ಪೇಟ, ಊಟ, ಎಲ್ಲ ಸೇರಿ ಒಂದೇ ಪ್ಯಾಕೇಜು. ಗೌನನ್ನು ನಾಲ್ಕು ಗಂಟೆಗೆ ವಾಪಸ್ ಕೊಡಬೇಕಿತ್ತಂತೆ, ಎರಡನೇ ಬ್ಯಾಚಿನ ಡಾಕ್ಟರುಗಳು ಹೊರಗೆ ಕಾಯುತ್ತಿದ್ದರು. ಅವರ ಮೊಮ್ಮಗನ ನಾಮಕರಣದ ಕರೆಯೋಲೆಯಲ್ಲಿ ಈಗ ಅಜ್ಜನ ಹೆಸರಿನ ಹಿಂದೆ ಡಾ. ಇದೆ. ಅಜ್ಜಿಯದು ಇನ್ನೂ ಬರೀ ಶ್ರೀಮತಿ. ಅವರಿಗೂ ಮಾಡಿಸೋಣ, ಜೋಡಿಗೆ ರಿಯಾಯಿತಿ ಇದೆ ಎಂದರು.

ಇರಲಿ, ಕೊರಿಯಾಕ್ಕೆ ಬರೋಣ. ಪುಟಿನ್‌ಗೆ ಬೆಲ್ಟ್ ಕೊಟ್ಟ ಒಕ್ಕೂಟ 1973ರಲ್ಲಿ ಹುಟ್ಟಿದಾಗ ಇಂಗ್ಲಿಷಿನಲ್ಲಿ ಅದರ ಚುಟುಕು ಹೆಸರು ಡಬ್ಲ್ಯೂಟಿಎಫ್, ಕೊನೆಯ ಎಫ್ ಎಂದರೆ ಫೆಡರೇಶನ್. ಮುಂದೆ ಮೊಬೈಲು ಬಂದು, ಪಡ್ಡೆ ಹುಡುಗರು ಆ ಮೂರಕ್ಷರಕ್ಕೆ ಮನೆಯಲ್ಲಿ ಹೇಳಲಾಗದ ಅರ್ಥ ಕೊಟ್ಟು, ಮಕ್ಕಳ ಎದೆಯ ಮೇಲೆ, ಬೆನ್ನ ಮೇಲೆ ಅದು ಮೆರೆದು, ಕೊನೆಗೆ 2017ರಲ್ಲಿ ಒಕ್ಕೂಟ ‘ಎಫ್’ ಅನ್ನು ಬಿಟ್ಟುಕೊಟ್ಟಿತು. ಇದರ ಮೊದಲ ಅಧ್ಯಕ್ಷ ಕಿಮ್ ಉನ್-ಯೊಂಗ್ ಮೂರು ದಶಕ ಕುರ್ಚಿಯಲ್ಲಿದ್ದವರು. ಟೇಕ್ವಾಂಡೊವನ್ನು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನಕ್ಕೆ ಇಟ್ಟು, 2000ದ ಸಿಡ್ನಿಯಲ್ಲಿ ಪದಕದ ಪಟ್ಟಿಗೇ ಸೇರಿಸಿದ ಸಮರ್ಥರು. 2004ರಲ್ಲಿ ಹಣ ದುರುಪಯೋಗದ ಪ್ರಕರಣದಲ್ಲಿ ಜೈಲಿಗೂ ಹೋದರು. ಟೇಕ್ವಾಂಡೊದ ಐದು ಸೂತ್ರಗಳೆಂದು ಮಕ್ಕಳ ಬಾಯಲ್ಲಿ ಒಪ್ಪಿಸುತ್ತಾರಲ್ಲ, ಸೌಜನ್ಯ, ಪ್ರಾಮಾಣಿಕತೆ, ಛಲ, ಆತ್ಮಸಂಯಮ, ಎದೆಗುಂದದ ಕೆಚ್ಚು. ಐದರಲ್ಲಿ ನಾಲ್ಕು ಬಂದರೆ ಡಿಸ್ಟಿಂಕ್ಷನ್ ತಾನೇ.

ಇನ್ನೊಂದು ಕಡೆ ಜನರಲ್ ಚೊಯ್ ಹೊಂಗ್-ಹಿ. ಟೇಕ್ವಾಂಡೊ ಎಂಬ ಹೆಸರು ಬಂದದ್ದೇ 1955ರಲ್ಲಿ, ಇವರ ಮುಂದಾಳತ್ವದಲ್ಲಿ. ಅವರು ಜಪಾನಿನಲ್ಲಿ ಓದುವಾಗ ಕರಾಟೆ ಕಲಿತವರು. ಹೊಸ ಕಲೆಯಲ್ಲಿ ಆ ಕರಾಟೆಯ ವಾಸನೆ ಯಾರ ಮೂಗಿಗೂ ಬಡಿಯುತ್ತದೆ. ಆದರೆ ಮೂವತ್ತೈದು ವರ್ಷ ತಮ್ಮನ್ನು ಆಳಿದ ಜಪಾನಿನಿಂದ ಕಲಿತೆವು ಎನ್ನಲು ಯಾರಿಗೆ ಮನಸ್ಸು ಬಂದೀತು? ಹಾಗಾಗಿ ಗೋರಿಗಳ ಗೋಡೆಚಿತ್ರ ಹುಡುಕಿ, ಪ್ರಾಚೀನ ಯೋಧರನ್ನು ಎಬ್ಬಿಸಿ, ಎರಡು ಸಾವಿರ ವರ್ಷದ ಇತಿಹಾಸ ಸಿದ್ಧವಾಯಿತು. ಇದನ್ನು ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಹೇಳಿ ತಪ್ಪು ಮಾಡಿದೆ. ಐದೇ ನಿಮಿಷಕ್ಕೆ ಮಾವ ಬರೆದರು: ‘ಎಲ್ಲ ನಮ್ಮ ಬೋಧಿಧರ್ಮ ಹೇಳಿಕೊಟ್ಟದ್ದು, ಕಾಂಚಿಯಿಂದ ಹೋದವನು.’ ಚೀನಾದ ಕುಂಗ್‌ಫೂ ಆಯಿತು, ಜಪಾನಿನ ಕರಾಟೆ ಆಯಿತು, ಈಗ ಕೊರಿಯಾದ್ದೂ ನಮ್ಮದೇ. ಒಲಿಂಪಿಕ್ಸ್ ಪದಕ ಮಾತ್ರ ಯಾಕೋ ಅವರೇ ಇಟ್ಟುಕೊಳ್ಳುತ್ತಾರೆ.

ಜನರಲ್ ಚೊಯ್ 1966ರಲ್ಲಿ ತಮ್ಮದೇ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರು, ಸೋಲ್ ಸರ್ಕಾರದೊಂದಿಗೆ ಮುನಿಸಿಕೊಂಡು 1972ರಲ್ಲಿ ಕೆನಡಾಕ್ಕೆ ಹೋದರು, 1980ರಲ್ಲಿ ಉತ್ತರ ಕೊರಿಯಾಕ್ಕೆ ತಂಡ ಕರೆದೊಯ್ದರು, 2002ರಲ್ಲಿ ಪ್ಯೊಂಗ್ಯಾಂಗ್‌ನಲ್ಲೇ ತೀರಿಕೊಂಡರು. ಆಮೇಲೆ ಆ ಒಕ್ಕೂಟ ಮೂರಾಯಿತು. ಮೂರಕ್ಕೂ ಅದೇ ಹೆಸರು, ಮೂರೂ ತಾನೇ ಅಸಲಿ ಎನ್ನುತ್ತವೆ, ಒಂದರಲ್ಲಿ ಜನರಲ್ಲರ ಸ್ವಂತ ಮಗ. ಹೊರಗಿನವರಿಗೆ ಇದು ಕಗ್ಗಂಟು. ಜನತಾ ಪರಿವಾರ ಒಡೆದದ್ದು, ಕೂಡಿದ್ದು, ಬ್ರಾಕೆಟ್ಟಿನಲ್ಲಿ ಒಂದೊಂದು ಅಕ್ಷರ ಹಾಕಿಕೊಂಡು ಮತ್ತೆ ಒಡೆದದ್ದು ನೋಡಿ ಬೆಳೆದ ನಮಗೆ ಏನು ಕಷ್ಟ?

ನಮ್ಮ ಗರಡಿಮನೆಗಳಲ್ಲಿ ಈ ಪೀಕಲಾಟವೇ ಇರಲಿಲ್ಲ. ಮೈಸೂರಿನಲ್ಲಿ ಕೆಮ್ಮಣ್ಣು ಮೆತ್ತಿಕೊಂಡು ಸಾಮು ಮಾಡಿದ ಯಾವ ಪೈಲ್ವಾನನ ಹತ್ತಿರವೂ ಹಳದಿ, ಹಸಿರು ಎಂದು ಲಂಗೋಟಿಯ ಬಣ್ಣ ಬದಲಾಗಲಿಲ್ಲ. ದಸರೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜೆಟ್ಟಿಗೆ ಸೆನ್ಸರೂ ಬೇಡ. ತಲೆ ಬೋಳಿಸಿಕೊಂಡು ನಿಲ್ಲುತ್ತಾನೆ, ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ಪಾಯಿಂಟು ನೆತ್ತಿಯ ಮೇಲೇ ಕಾಣುತ್ತದೆ.

ಸೆನ್ಸರ್ ಎಂದೆನಲ್ಲ. ರೆಫರಿಗಳು ಪಕ್ಷಪಾತ ಮಾಡುತ್ತಾರೆ ಎಂಬ ಗಲಾಟೆ ಬಹಳ ಹಳೆಯದು. 2008ರ ಬೀಜಿಂಗ್‌ನಲ್ಲಂತೂ ಕ್ಯೂಬಾದ ಆಂಗೆಲ್ ಮಾಟೊಸ್ ಮೇಲ್ಮನವಿಯನ್ನು ನೇರವಾಗಿ ರೆಫರಿಯ ಮುಖಕ್ಕೇ ಕಾಲಿನಿಂದ ಸಲ್ಲಿಸಿ ಆಜೀವ ನಿಷೇಧ ಪಡೆದ. ಲಂಡನ್ 2012ರ ಹೊತ್ತಿಗೆ ಎದೆಕವಚಕ್ಕೂ ಕಾಲುಚೀಲಕ್ಕೂ ಎಲೆಕ್ಟ್ರಾನಿಕ್ ಸೆನ್ಸರ್ ಬಂತು. ಈಗ ಮನುಷ್ಯ ಮೋಸ ಮಾಡುವಂತಿಲ್ಲ. ಮನುಷ್ಯ ಒದೆಯುವುದನ್ನೂ ಬಿಟ್ಟ. ಇಬ್ಬರೂ ಮುಂದಿನ ಕಾಲನ್ನು ಕೊಕ್ಕರೆಯಂತೆ ಎತ್ತಿ ಹಿಡಿದು, ಒಂಟಿ ಕಾಲಲ್ಲಿ ಕುಪ್ಪಳಿಸುತ್ತ, ಅಂಗಾಲಿನಿಂದ ಒಬ್ಬರ ಹೊಟ್ಟೆಯನ್ನು ಇನ್ನೊಬ್ಬರು ಸವರುತ್ತಾರೆ. ಕಾಲಿನ ಕತ್ತಿವರಸೆ ಎಂದು ಹಳಬರು ಹಲ್ಲು ಕಡಿಯುತ್ತಾರೆ. ನನಗಂತೂ ಮೆಟ್ರೊ ಗೇಟಿನಲ್ಲಿ ಕಾರ್ಡು ಓದದಿದ್ದಾಗ ನಾವು ಅದನ್ನು ಉಜ್ಜುವುದೇ ನೆನಪಾಗುತ್ತದೆ. ಗುದ್ದಿದರೆ 1 ಪಾಯಿಂಟು, ಎದೆಗೆ ಒದ್ದರೆ 2, ತಿರುಗಿ ಒದ್ದರೆ 4. ಟಿಂಗ್ ಅನ್ನಬೇಕು, ಅಷ್ಟೇ.

ತಂಗಿಯ ಮಗನನ್ನು ಅವರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಡೆಯುವ ಕ್ಲಾಸಿಗೆ ಹಾಕಿದ್ದರು. ಎರಡು ಕಾರುಗಳ ನಡುವಿನ ಜಾಗದಲ್ಲಿ ‘ಹಾನಾ, ದೂಲ್, ಸೆತ್’ ಎಂದು ಕೊರಿಯನ್ ಎಣಿಕೆ. ಕನ್ನಡದ ಒಂದು, ಎರಡು ಬಾರದ ಹುಡುಗ ಅದನ್ನು ಹತ್ತರವರೆಗೆ ಒಪ್ಪಿಸುತ್ತಾನೆ, ಸಂತೋಷ. ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಪರೀಕ್ಷೆಗೊಂದು ಫೀಸು, ಬೆಲ್ಟಿಗೊಂದು, ಪ್ರಮಾಣಪತ್ರಕ್ಕೊಂದು. ಹಳದಿಯಿಂದ ಹಸಿರಿಗೆ ನೇರ ಹೋಗುವಂತಿಲ್ಲ, ನಡುವೆ ‘ಗ್ರೀನ್ ಒನ್’ ಎಂಬ ನಿಲ್ದಾಣ, ಹಸಿರಾದ ಮೇಲೆ ‘ಬ್ಲೂ ಒನ್’. ನಮ್ಮ ಹೆದ್ದಾರಿಯ ಟೋಲ್‌ಗಳನ್ನು ಹಾಕಿದವರೇ ಇದನ್ನೂ ಹಾಕಿರಬೇಕು. ಹಲಗೆ ಒಡೆಯುವ ದಿನ ನಾನೂ ಹೋಗಿದ್ದೆ. ಹಲಗೆ ಪ್ಲಾಸ್ಟಿಕ್ಕಿನದು, ನಡುವೆ ಜೋಡಣೆ, ಒಡೆದ ಮೇಲೆ ಮತ್ತೆ ಸಿಕ್ಕಿಸಬಹುದು. ನಮ್ಮ ಹುಡುಗ ಒದ್ದ, ಒಡೆಯಲಿಲ್ಲ. ಮತ್ತೆ ಒದ್ದ. ಮೂರನೇ ಸಲ ಹಿಡಿದುಕೊಂಡಿದ್ದ ಮಾಸ್ಟರೇ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಚಪ್ಪಾಳೆ. ಫೇಲಾದವರು ಯಾರೂ ಇಲ್ಲವೇ ಎಂದು ಕೇಳಿದೆ. ‘ಫೇಲ್ ಮಾಡಿದ್ರೆ ಮುಂದಿನ ತಿಂಗ್ಳು ಮಗು ಬರಲ್ಲ ಸಾರ್, ಇಲ್ಲಿ ಬಾಡಿಗೆ ಕಟ್ಬೇಕು’ ಎಂದರು ಮಾಸ್ಟರು. ಸುಳ್ಳು ಹೇಳಲಿಲ್ಲ, ಆ ಮಟ್ಟಿಗೆ ಮೆಚ್ಚಿದೆ.

ಅವರನ್ನು ಬೈದು ಉಪಯೋಗವಿಲ್ಲ. ತವರುಮನೆ ಕೊರಿಯಾದಲ್ಲೇ ಕಥೆ ಇದು. ಅಲ್ಲಿ ದೊಜಾಂಗ್, ಅಂದರೆ ಟೇಕ್ವಾಂಡೊ ಗರಡಿ, ಬಹುಪಾಲು ಅಪ್ಪ ಅಮ್ಮ ಆಫೀಸಿನಿಂದ ಬರುವವರೆಗೆ ಮಕ್ಕಳನ್ನು ನೋಡಿಕೊಳ್ಳುವ ಜಾಗ. ಡಾನ್ ಮೇಲೆ ಡಾನ್ ಹತ್ತಿದ ಗುರು ಮಧ್ಯಾಹ್ನ ಹಳದಿ ವ್ಯಾನ್ ತೆಗೆದುಕೊಂಡು ಶಾಲೆಯ ಗೇಟಿನ ಮುಂದೆ ನಿಲ್ಲುತ್ತಾನೆ, ಮಕ್ಕಳ ಮೂಗು ಒರೆಸುತ್ತಾನೆ, ಸ್ಕಿಪ್ಪಿಂಗ್ ಆಡಿಸುತ್ತಾನೆ, ಹುಟ್ಟುಹಬ್ಬದ ಕೇಕು ಕತ್ತರಿಸುತ್ತಾನೆ, ರಾತ್ರಿ ಮನೆ ಮನೆಗೆ ಇಳಿಸಿ ಬರುತ್ತಾನೆ. ಆ ಮಕ್ಕಳೂ ಈಗ ಕಡಿಮೆ, 2023ರಲ್ಲಿ ಅಲ್ಲಿ ಹೆಣ್ಣಿಗೆ ಸರಾಸರಿ 0.72 ಮಗು. ಹೆಜ್ಜೆ ತಿದ್ದಲು ಅವನಿಗೆ ಪುರುಸೊತ್ತೆಲ್ಲಿ? ತಿದ್ದಿದರೆ ಮಗು ಅಳುತ್ತದೆ, ಅತ್ತರೆ ಅಮ್ಮ ಫೋನ್ ಮಾಡುತ್ತಾಳೆ. ಇಂಥವನೊಬ್ಬ ಎಂಟನೇ ಡಾನ್‌ನಲ್ಲಿ ಕೂತು, ಇನ್ನೂ ಒಂಬತ್ತು ವರ್ಷ ಎಂದು ಬೆರಳು ಮಡಚುತ್ತಿರುವಾಗ, ಅವನ ಮೂಲಮಠ ವಿಮಾನ ಹತ್ತಿ ಹೋಗಿ, ಒಂದು ದಿನವೂ ಮಂಡಿ ಬಗ್ಗಿಸದವನ ಸೊಂಟಕ್ಕೆ ಅದನ್ನು ಕಟ್ಟಿಬರುತ್ತದೆ. ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ. ಇದು ನಗುವ ವಿಷಯವೇ ಅಲ್ಲ. ದುಡಿದವನ ಮುಖದ ಮೇಲೆ ಉಗಿದಂತೆ. ಅಧಿಕಾರ ಇದ್ದವನ ಮನೆ ಬಾಗಿಲಿಗೆ ಎಲ್ಲ ಗೌರವಗಳೂ ತಾವಾಗಿಯೇ ನಡೆದುಕೊಂಡು ಹೋಗುತ್ತವೆ, ಇಲ್ಲದವನು ಅಂಚೆಯಲ್ಲಿ ಅರ್ಜಿ ಹಾಕಿ ಫೀಸು ಕಟ್ಟಬೇಕು. ಎಲ್ಲ ಊರಲ್ಲೂ ಹೀಗೇ, ಎಲ್ಲ ಕಲೆಯಲ್ಲೂ ಹೀಗೇ.

ನಿನ್ನೆ ಸಂಜೆ ಹಾಲಿನ ಬೂತಿನ ಹತ್ತಿರ ಫ್ಲೆಕ್ಸಿನ ಹುಡುಗಿ ಸಿಕ್ಕಳು. ಅರ್ಧ ಲೀಟರ್ ಪ್ಯಾಕೆಟ್ಟನ್ನು ಅಂಗೈ ಮೇಲೆ ಕುಣಿಸುತ್ತಿದ್ದಳು.

‘ಏನಮ್ಮ ಪುಟ್ಟಿ, ಬ್ಲ್ಯಾಕ್ ಬೆಲ್ಟಂತೆ!’ ಎಂದೆ.

‘ಬ್ಲ್ಯಾಕ್ ಅಲ್ಲ ಅಂಕಲ್, ಪೂಮ್. ಹದಿನೈದು ವರ್ಷ ಆಗೋವರ್ಗೂ ಪೂಮೇ ಕೊಡೋದು. ಅರ್ಧ ಕೆಂಪು ಅರ್ಧ ಕಪ್ಪು ಇರತ್ತೆ. ಫ್ಲೆಕ್ಸ್ ಅಂಗಡಿಯವ್ರು ಕೆಂಪನ್ನೂ ಕಪ್ಪು ಮಾಡ್ಬಿಟ್ಟಿದ್ದಾರೆ. ನಾನು ಹೇಳ್ದೆ, ಅಪ್ಪ ಕೇಳ್ಲಿಲ್ಲ.’

‘ಹೋಗ್ಲಿ ಬಿಡು. ಫೋಟೊ ಚೆನ್ನಾಗಿದೆ.’

ಅವಳು ತಿರುವಿನ ಕಡೆ ಒಮ್ಮೆ ನೋಡಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ದನಿ ಇಳಿಸಿದಳು.

‘ಅಂಕಲ್, ನನ್ ಕಾಲು ಆ ಅಂಕಲ್ ಮುಖಕ್ಕೆ ತಾಗಿದ್ಯಲ್ಲ, ನೋಡಿದ್ರಾ? ಮುಖಕ್ಕೆ ಮೂರು ಪಾಯಿಂಟು.’