ಕಣ್ಣಿಗೆ ಕಾಣದ ಸ್ಪೇಸ್
ಎರಡು ತಂತ್ರಾಂಶಗಳನ್ನು ಜೋಡಿಸುವ ಕನೆಕ್ಟರ್‌ಗೆ ಕಾನ್ಫಿಗರೇಶನ್ ಫೈಲ್ (ಅದು ಹೇಗೆ ನಡೆಯಬೇಕೆಂಬ ಸೆಟ್ಟಿಂಗ್‌ಗಳ ಕಡತ) ಬರೆಯುವಷ್ಟು ತಲೆನೋವಿನ ಕೆಲಸ ಇನ್ನೊಂದಿಲ್ಲ. ಇಂಥ ಫೈಲ್ ಬರೆಯುವ ಒಂದು ರೂಪವಾದ ಯಾಮಲ್‌ನಲ್ಲಿ (YAML) ಸಾಲನ್ನು ಒಳಸರಿಸಲು ಟ್ಯಾಬ್ ಬಳಸುವಂತಿಲ್ಲ. ನಾರ್ವೆಯ ದೇಶ ಸಂಕೇತವಾದ ಎನ್‌ಒ (NO) ಅನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ, ಯಾಮಲ್ 1.1 ಆವೃತ್ತಿಯ ನಿಯಮ ಪಾಲಿಸುವ ಪಾರ್ಸರ್ (ಫೈಲ್ ಓದುವ ತಂತ್ರಾಂಶ) ಅದನ್ನು ‘ನೋ’ ಎಂದುಕೊಂಡು ಫಾಲ್ಸ್ (ಸುಳ್ಳು) ಎಂದು ಓದಿಕೊಳ್ಳುತ್ತದೆ. ಇನ್ನೊಂದು ರೂಪವಾದ ಜೇಸನ್‌ನಲ್ಲಿ (JSON) ಟಿಪ್ಪಣಿಗೇ ಜಾಗವಿಲ್ಲ; ಟೈಮ್‌ಔಟ್ (ಉತ್ತರಕ್ಕಾಗಿ ಕಾಯುವ ಗರಿಷ್ಠ ಅವಧಿ) 30000 ಎಂದು ಏಕೆ ಇಟ್ಟಿದ್ದೇವೆಂದು ಮುಂದೆ ಬರುವವರಿಗೆ ತಿಳಿಸುವುದು ಹೇಗೆ?

ಎಲ್ಲಕ್ಕಿಂತ ಸಿಟ್ಟು ಬರಿಸುವುದು ಜಾವಾ ಪ್ರೋಗ್ರಾಮಿಂಗ್ ಭಾಷೆಯ ಪ್ರಾಪರ್ಟೀಸ್ ಫೈಲ್. ಪಾಸ್‌ವರ್ಡ್‌ನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಉಳಿದರೆ ಅದೂ ಪಾಸ್‌ವರ್ಡ್‌ನ ಭಾಗವೇ! ಲಾಗ್ (ನಡೆದದ್ದನ್ನು ದಾಖಲಿಸುವ ಫೈಲ್) ಮಾತ್ರ ‘ದೃಢೀಕರಣ ವಿಫಲ’ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಪಾಸ್‌ವರ್ಡ್ ಸರಿಯಾಗಿಯೇ ಇದೆಯಲ್ಲ ಎಂದು ನಾವು ಇಡೀ ದಿನ ಒದ್ದಾಡಬೇಕು. ಸಾಲಿನ ಕೊನೆಯಲ್ಲಿ ಸ್ಪೇಸ್ ಇದೆ ಎಂದು ಫೈಲ್ ಓದುವಾಗಲೇ ಎಚ್ಚರಿಸಿದರೆ ಕನೆಕ್ಟರ್‌ನ ಗಂಟೇನು ಹೋಗುತ್ತದೆ?