ಪೋಚ್ ತಗೊಂಡ್ರಾ?

ನಮ್ಮ ಪಕ್ಕದ ಮನೆ ಶೆಟ್ಟರು ಹೋಟೆಲ್ ಮನುಷ್ಯ. ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದವರು. ಹಗಲು ಟೇಬಲ್ ಒರೆಸಿ, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಮುಲುಂಡಿನಲ್ಲಿ ಪಾಲುದಾರಿಕೆಯ ಹೋಟೆಲ್ ನಡೆಸಿದರು. ಬೇಳೆ ಚೀಲ ಎತ್ತಿದ ಕೂಡಲೇ ಎಷ್ಟು ಕಡಿಮೆ ಬಂದಿದೆ ಅಂತ ಹೇಳುತ್ತಿದ್ದರಂತೆ. ಅಂಥವರಿಗೇ ಬ್ಯಾಂಕಿನಲ್ಲಿ ಟೋಪಿ ಬಿತ್ತು.

ಕೋವಿಡ್‌ಗೆ ಒಂದು ವರ್ಷ ಮುಂಚಿನ ಮಾತು. ಹೋಟೆಲಿನ ಪಾಲು ಬಿಟ್ಟುಕೊಟ್ಟು ಬಂದ ದುಡ್ಡು ಎಫ್‌ಡಿಯಲ್ಲಿತ್ತು. ಅವಧಿ ಮುಗಿಯಿತು, ಮತ್ತೆ ಇಡೋಣ ಅಂತ ಹೋದರು. ಟೈ ಕಟ್ಟಿದ ಹುಡುಗ ಎಸಿ ಕ್ಯಾಬಿನ್ನಿನಲ್ಲಿ ಕೂರಿಸಿ ಚಹಾ ತರಿಸಿದ. "ಅಂಕಲ್, ಎಫ್‌ಡಿಗಿಂತ ಒಳ್ಳೆ ಸ್ಕೀಮ್ ಇದೆ" ಅಂದ. ಎಂಟು ಹತ್ತು ಕಡೆ ಸಹಿ ಹಾಕಿಸಿಕೊಂಡ. ಕಂಪನಿಯಿಂದ ಫೋನ್ ಬಂದರೆ ಎಲ್ಲದಕ್ಕೂ ಹೌದು ಅನ್ನಿ ಅಂತಲೂ ಹೇಳಿಕೊಟ್ಟ. ಫೋನ್ ಬಂತು, ಶೆಟ್ಟರು ಹೌದು ಅಂದರು. ಕೊರಿಯರಿನಲ್ಲಿ ಬಂದ ಹೊಳೆಯುವ ಫೈಲನ್ನು ದೇವರ ಕೋಣೆಯ ಕಪಾಟಿನಲ್ಲಿ ಇಟ್ಟುಬಿಟ್ಟರು.

ಒಂದು ಭಾನುವಾರ ಅದನ್ನು ಹೆಮ್ಮೆಯಿಂದ ನನಗೆ ತೋರಿಸಿದರು. ಬಿಚ್ಚಿ ನೋಡಿದರೆ ಎಫ್‌ಡಿ ಎಲ್ಲಿಂದ ಬರಬೇಕು? ಶೇರುಪೇಟೆಗೆ ತಗಲಿಸಿದ ವಿಮೆ. ವರ್ಷಕ್ಕೆ 2 ಲಕ್ಷದಂತೆ ಹತ್ತು ವರ್ಷ ಕಟ್ಟಬೇಕು. ಶೆಟ್ಟರಿಗೆ ಆಗಲೇ 66. ಅರ್ಜಿಯಲ್ಲಿ ಉದ್ಯೋಗ ಬಿಸಿನೆಸ್, ವರ್ಷದ ಆದಾಯ 12 ಲಕ್ಷ ಅಂತ ಬರೆದಿತ್ತು. "ಇದು ಯಾರ ಆದಾಯ ಮಾರಾಯಾ?" ಅಂತ ಅವರೇ ಕೇಳಿದರು.

ನನಗೆ ಒಂದು ವಿಷಯ ಗೊತ್ತಿತ್ತು. ವಿಮೆ ಪಾಲಿಸಿ ಕೈಗೆ ಬಂದ 15 ದಿನದೊಳಗೆ ಬೇಡ ಅಂತ ವಾಪಸ್ ಮಾಡಬಹುದು. ಫ್ರೀ ಲುಕ್ ಅಂತಾರೆ. (2024ರಿಂದ ಇದು 30 ದಿನ ಆಗಿದೆ, ನೆನಪಿಟ್ಟುಕೊಳ್ಳಿ.) ಆಗಲೇ ಹತ್ತು ದಿನ ಹೋಗಿತ್ತು. ಮೂರು ಸಲ ಬ್ಯಾಂಕಿಗೆ ಅಲೆದೆವು. ಒಂದು ದಿನ ಸರ್ವರ್ ಡೌನ್. ಇನ್ನೊಂದು ದಿನ ಸಾಹೇಬರು ರಜೆ. ಹದಿಮೂರನೇ ದಿನ ಪೋಚ್ ಸಿಕ್ಕಿತು, ಅಂದರೆ ಪಾಲಿಸಿ ವಾಪಸ್ ಮಾಡುವ ಅರ್ಜಿ ತಲುಪಿದ್ದಕ್ಕೆ ರಸೀತಿ. ಅರ್ಜಿಯ ನಕಲಿನ ಮೇಲೆ ಸೀಲು, ಸಹಿ, ತಾರೀಕು. ಇಷ್ಟು ವರ್ಷ ಈ ಊರಲ್ಲಿದ್ದ ಮೇಲೆ ನಮಗೆ ಕನ್ನಡದಲ್ಲೂ ಅದು ಮರಾಠಿಯ ಪೋಚೇ. ಸಣ್ಣಪುಟ್ಟ ಕಡಿತ ಹೋಗಿ ದುಡ್ಡು ವಾಪಸ್ ಬಂತು.

ಈ ಫ್ರೀ ಲುಕ್ ವಿಷಯ ನನಗೆ ಗೊತ್ತಾದದ್ದು 'ಮನಿಲೈಫ್' ಪತ್ರಿಕೆಯಿಂದ. ಆಫೀಸಿನಲ್ಲಿ ಒಬ್ಬರು ತರಿಸುತ್ತಿದ್ದರು, ನಾನು ಎರವಲು ತಂದು ಓದುತ್ತಿದ್ದೆ. ಈ ಎರವಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆ ಪತ್ರಿಕೆ ನಡೆಸುವ ಪತ್ರಕರ್ತೆ ಸುಚೇತಾ ದಲಾಲ್ ಹುಟ್ಟಿದ್ದು ಮುಂಬೈಯಲ್ಲಿ. ಶಾಲೆ ಮಾತ್ರ ಬೆಳಗಾವಿಯ ಸೇಂಟ್ ಜೋಸೆಫ್ಸ್. ಡಿಗ್ರಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ, ಸ್ಟ್ಯಾಟಿಸ್ಟಿಕ್ಸ್. ನಾನೂ ಕೆಸಿಡಿಯವನೇ, ಹಾಗಾಗಿ ಸುಮ್ನೆ ಒಂದು ಹೆಮ್ಮೆ! 1992ರ ಏಪ್ರಿಲ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಹರ್ಷದ್ ಮೆಹ್ತಾ ಹಗರಣ ಬಯಲಿಗೆ ತಂದವರು ಅಂತ ಎಲ್ಲರಿಗೂ ಗೊತ್ತು. ಆ ಹಗರಣದ ಹೂರಣ ಏನು? ಬ್ಯಾಂಕುಗಳು ಸರ್ಕಾರಿ ಸಾಲಪತ್ರಗಳನ್ನು ಕೆಲ ದಿನಗಳ ಮಟ್ಟಿಗೆ ಒಬ್ಬರಿಗೊಬ್ಬರು ಮಾರಿಕೊಳ್ಳುತ್ತಿದ್ದವು. ನಡುವೆ ಹರ್ಷದ್‌ನಂಥ ದಲ್ಲಾಳಿ. ಪತ್ರದ ಬದಲು ಬ್ಯಾಂಕ್ ರಸೀತಿ ಓಡಾಡುತ್ತಿತ್ತು. ಎಷ್ಟೋ ರಸೀತಿಗಳ ಹಿಂದೆ ಪತ್ರವೇ ಇರಲಿಲ್ಲ. ದುಡ್ಡು ಮಾತ್ರ ಶೇರುಪೇಟೆ ಸೇರುತ್ತಿತ್ತು. ಶೆಟ್ಟರಿಗೆ ಹೀಗೆ ವಿವರಿಸಿದಾಗ, "ಅಂದ್ರೆ ಸರಕು ಇಲ್ಲದೆ ಪೋಚ್ ಕೊಟ್ಟದ್ದು" ಅಂದರು. ಇಷ್ಟು ಸಲೀಸಾಗಿ ಯಾವ ಅರ್ಥಶಾಸ್ತ್ರದ ಮೇಷ್ಟ್ರೂ ನನಗೆ ಹೇಳಿರಲಿಲ್ಲ.

ನನಗೆ ದೊಡ್ಡದಾಗಿ ಕಾಣುವುದು ಸುಚೇತಾ ಆಮೇಲೆ ಮಾಡಿದ ಕೆಲಸ. 2006ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಗಂಡ ದೇಬಾಶಿಸ್ ಬಸು ಜೊತೆ ಸ್ವಂತ ಪತ್ರಿಕೆ ಮನಿಲೈಫ್ ಶುರು ಮಾಡಿದರು. 2010ರಲ್ಲಿ ಮನಿಲೈಫ್ ಫೌಂಡೇಶನ್ ಕಟ್ಟಿದರು. ದಾದರಿನ ಶಿವಾಜಿ ಪಾರ್ಕ್ ಕಡೆ ಆಫೀಸು. ಬ್ಯಾಂಕು, ವಿಮೆ, ಶೇರುಗಳಲ್ಲಿ ಮೋಸ ಹೋದವರಿಗೆ ಸಲಹೆ, ತಿಳಿಯದವರಿಗೆ ಕಾರ್ಯಾಗಾರ.

ಮಾಟುಂಗಾದಲ್ಲಿ ಕಾಫಿ ಕುಡಿಯುವಾಗ ಗೆಳೆಯನೊಬ್ಬ ಕೊಂಕು ತೆಗೆದ. "ಗ್ರಾಹಕರ ಪರ ಅಂತಾರೆ, ಪತ್ರಿಕೆ ಮಾರುತ್ತಾರೆ. ಸೇವೆಯೋ, ವ್ಯಾಪಾರವೋ?" ನಮ್ಮಲ್ಲಿ ಇದೊಂದು ರೋಗ. ಹೋರಾಟಗಾರ ಹರಕು ಚಪ್ಪಲಿಯಲ್ಲೇ ಇರಬೇಕು, ಇಲ್ಲದಿದ್ದರೆ ಅನುಮಾನ. ಶೆಟ್ಟರಿಗೆ ಈ ಮಾತು ಹೇಳಿದೆ. "ಎಂತ ಮಾತದು? ಬೇರೆಯವರ ಗಲ್ಲಾದಲ್ಲಿ ಕೂತವ ಸಾಂಬಾರ್ ಹಳಸಿದೆ ಅಂತ ಗಿರಾಕಿಗೆ ಹೇಳ್ತಾನಾ?" ಅಂದರು.

ನೂರಕ್ಕೆ ನೂರು ನಿಜ. 2015ರ ಜೂನ್‌ನಲ್ಲಿ ಒಂದು ಅನಾಮಧೇಯ ಪತ್ರದ ಆಧಾರದ ಮೇಲೆ ಮನಿಲೈಫ್ ಬರೆಯಿತು: ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನ ಕಂಪ್ಯೂಟರುಗಳಲ್ಲಿ ಕೆಲವು ದಲ್ಲಾಳಿಗಳಿಗೆ ಉಳಿದವರಿಗಿಂತ ಮೊದಲೇ ಮಾಹಿತಿ ಸಿಗುತ್ತಿದೆ ಎಂಬ ಆರೋಪ. ಎಕ್ಸ್‌ಚೇಂಜ್ 100 ಕೋಟಿಯ ಮಾನನಷ್ಟ ದಾವೆ ಹೂಡಿತು. ಸಂಬಳಕ್ಕಿರುವ ಪತ್ರಕರ್ತರಾಗಿದ್ದರೆ ಮಾಲೀಕರಿಂದ ಫೋನ್ ಬರುತ್ತಿತ್ತು, ಕ್ಷಮೆ ಅಚ್ಚಾಗುತ್ತಿತ್ತು. ಇಲ್ಲಿ ಮಾಲೀಕರೂ ಅವರೇ. ಕೋರ್ಟಿಗೆ ಹೋದರು. ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ತಡೆಯಾಜ್ಞೆ ಕೊಡಲಿಲ್ಲ. ತಿರುಗಿ ಎಕ್ಸ್‌ಚೇಂಜಿಗೇ 50 ಲಕ್ಷ ಕಟ್ಟುವಂತೆ ಹೇಳಿತು. ಅದರಲ್ಲಿ ಸುಚೇತಾ, ದೇಬಾಶಿಸ್ ಇಬ್ಬರಿಗೆ ತಲಾ ಒಂದೂವರೆ ಲಕ್ಷ, ಉಳಿದ 47 ಲಕ್ಷ ಟಾಟಾ ಮೆಮೋರಿಯಲ್ ಮತ್ತು ಮಸೀನಾ ಆಸ್ಪತ್ರೆಗಳಿಗೆ.

ಗ್ರಾಹಕರ ಪರ ಹೋರಾಟ ಈ ಊರಿಗೇನು ಹೊಸದಲ್ಲ ಬಿಡಿ. 1966ರಲ್ಲಿ ಒಂಬತ್ತು ಹೆಂಗಸರು ಸೇರಿ ಇಲ್ಲೇ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಕಟ್ಟಿದರು. 1975ರಲ್ಲಿ ಮುಂಬೈ ಗ್ರಾಹಕ ಪಂಚಾಯತ್ ಬಂತು. ಅವರದ್ದು ಇನ್ನೂ ಜಾಣತನ. ಅಕ್ಕಪಕ್ಕದ ಮನೆಗಳು ಸೇರಿ ಒಂದು ಸಂಘ, ಸಂಘಗಳೆಲ್ಲ ಸೇರಿ ಹೋಲ್‌ಸೇಲ್ ಖರೀದಿ, ತಿಂಗಳಿಗೊಮ್ಮೆ ಮನೆ ಮನೆಗೆ ಹಂಚಿಕೆ. ಅಕ್ಕಿ ಬೇಳೆ ತೂಗುತ್ತಲೇ ಗ್ರಾಹಕರ ಹಕ್ಕು ಕಲಿಸಿದರು. ವ್ಯಾಪಾರವೂ ಹೌದು, ಚಳವಳಿಯೂ ಹೌದು.

ನನ್ನದೂ ಒಂದು ತಕರಾರಿದೆ. ಮನಿಲೈಫಿನಲ್ಲಿ ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲೇ. ಶೆಟ್ಟರಂಥವರು ಓದುವುದು ಕನ್ನಡ. ಟೋಪಿ ಬೀಳುವುದೂ ಅವರಿಗೇ ಜಾಸ್ತಿ. ಧಾರವಾಡದಲ್ಲಿ ಓದಿದವರ ಮೇಲೆ ಇಷ್ಟು ಹಕ್ಕು ನಮಗಿಲ್ವಾ? ಆದರೆ ಕನ್ನಡದಲ್ಲಿ ಬಂದಿದ್ದರೆ ನಾನು ದುಡ್ಡು ಕೊಟ್ಟು ತಗೊಳ್ಳುತ್ತಿದ್ದೆನಾ? ಮುನ್ನೂರು ರೂಪಾಯಿಯ ಊಟಕ್ಕೆ ಯೋಚಿಸದವನು ಆ ಪತ್ರಿಕೆಯನ್ನು ವರ್ಷಗಟ್ಟಲೆ ಎರವಲು ಓದಿದೆ. ಶೆಟ್ಟರ ದುಡ್ಡು ವಾಪಸ್ ಬಂದ ಮೇಲೂ ಚಂದಾ ಕಟ್ಟಲಿಲ್ಲ. ನಾಚಿಕೆಯಾಗುತ್ತೆ, ಹೇಳಿಕೊಳ್ಳುತ್ತಿದ್ದೇನೆ.

ಹೋದ ತಿಂಗಳು ಶೆಟ್ಟರು ಮತ್ತೆ ಅದೇ ಬ್ಯಾಂಕಿಗೆ ಹೋಗಿದ್ದರು. ಹೊಸ ಹುಡುಗ, ಅದೇ ಕ್ಯಾಬಿನ್, ಅದೇ "ಅಂಕಲ್". ಪೂರ್ತಿ ಕೇಳಿಸಿಕೊಂಡರಂತೆ. ಆಮೇಲೆ ಜೇಬಿನಿಂದ ಒಂದು ಹಾಳೆ ತೆಗೆದು, "ಈಗ ಹೇಳಿದ್ದೆಲ್ಲ ಇದರಲ್ಲಿ ಬರೆದು, ಸೀಲು ಹೊಡೆದು ಪೋಚ್ ಕೊಡು" ಅಂದರಂತೆ. ಮ್ಯಾನೇಜರನ್ನು ಕೇಳಿ ಬರ್ತೀನಿ ಅಂತ ಹೋದ ಹುಡುಗ ವಾಪಸ್ ಬರಲಿಲ್ಲ. ಚಹಾ ಮಾತ್ರ ಬಂತಂತೆ. ಸಕ್ಕರೆ ಜಾಸ್ತಿ ಇತ್ತು ಅಂತ ಶೆಟ್ಟರ ದೂರು.